ಹೊಳಿಯಮ್ಮನ ಸೊಪ್ಪಿನ ಮಡಿ

ಹೊಳಿಯಮ್ಮನ ಮಗಳಿಗೆ ಮೈಯಲ್ಲಿ ರಕ್ತ ಇಲ್ಲ ಎಂಬ ಸುದ್ದಿ ಊರೆಲ್ಲ ಹಬ್ಬಲು ಅರ್ಧ ದಿನವೂ ಬೇಕಾಗಲಿಲ್ಲ. ಹಿಟ್ನಾಳದ ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ ಕೆಂಚಿಹಾಳ ದೊಡ್ಡ ಊರೇನಲ್ಲ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರನೆಯ ಮನೆಯಲ್ಲಿ ಸೀನು ಬರುತ್ತದೆ. ಆರು ತಿಂಗಳ ಬಸುರಿ ನೇತ್ರಾವತಿಗೆ ರಕ್ತ ಕಡಿಮೆ ಎಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದೇ ತಡ, ನಳದ ಹತ್ತಿರ ನಿಂತ ಹೆಂಗಸರಿಗೆಲ್ಲ ಒಂದೊಂದು ಔಷಧ ಹೊಳೆಯಿತು. ಒಬ್ಬಳು ಖರ್ಜೂರ ಎಂದಳು, ಇನ್ನೊಬ್ಬಳು ದಾಳಿಂಬೆ ಎಂದಳು. ಮೂರನೆಯವಳು, "ಅಕಿಗೆ ಒಂದಿಷ್ಟು ಸೊಪ್ಪು ತಿನ್ನಸಬೇಕವ್ವ" ಎಂದುಬಿಟ್ಟಳು.

ಹೊಳಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಏಕೆಂದರೆ ಆ ಊರಿಗೆಲ್ಲ ಸೊಪ್ಪು ಕೊಡುವವಳೇ ಅವಳು.

ಸಂಕ್ರಾಂತಿ ಕಳೆದು ಹೊಳೆಯ ನೀರು ಹಿಂದೆ ಸರಿಯಿತೆಂದರೆ ದಂಡೆಯಲ್ಲಿ ಕರಿಯ ಗೋಡುಮಣ್ಣು ಬಯಲಾಗುತ್ತದೆ. ಮಳೆಗಾಲದಲ್ಲಿ ತುಂಬಿ ಬಂದ ನೀರು ಹಾಸಿ ಹೋದ ನುಣ್ಣನೆಯ ಮಣ್ಣು ಅದು. ಹೊಳಿಯಮ್ಮ ಅದರಲ್ಲಿ ಮಡಿ ಕಟ್ಟಿ ರಾಜಗಿರಿ, ಪಾಲಕ, ಮೆಂತೆ, ಕೊತ್ತಂಬರಿ ಬಿತ್ತುತ್ತಿದ್ದಳು. ಸೊಪ್ಪು ಎಷ್ಟು ದಟ್ಟವಾಗಿ ಬರುತ್ತಿತ್ತೆಂದರೆ ಕುಡುಗೋಲು ಹಾಕಲು ಜಾಗ ಹುಡುಕಬೇಕಿತ್ತು. ಹುಳ ಬಿದ್ದರೂ ಅಂಗಡಿಯ ಔಷಧ ಮುಟ್ಟಿದವಳಲ್ಲ. ಹಿರಿಯರು ಮಾಡುತ್ತಿದ್ದಂತೆ ಒಂದು ಬೊಗಸೆ ಬೂದಿ ಎರಚಿದರೆ ಆಯಿತು. ತನ್ನ ಸೊಪ್ಪಿನಲ್ಲಿ ವಿಷ ಇಲ್ಲ ಎಂದು ಬುಟ್ಟಿ ಹೊತ್ತು ಬೀದಿಬೀದಿಯಲ್ಲಿ ಹೇಳಿಕೊಳ್ಳುತ್ತಿದ್ದಳು.

ಮಡಿಗಳ ಪಕ್ಕದಲ್ಲೇ ಅವಳ ಗಂಡ ಹುಚ್ಚೀರಪ್ಪನ ಕಾರಖಾನೆ. ಕಾರಖಾನೆ ಎಂದರೆ ಮೂರು ಕಲ್ಲಿನ ಒಲೆ ಮತ್ತು ಒಂದು ಕಬ್ಬಿಣದ ಬಾಣಲೆ. ಹುಚ್ಚೀರಪ್ಪ ಮೀನು ಹಿಡಿಯುವವನು. ಬೀಸುವ ಬಲೆ ನೀರಿನ ತಳ ಮುಟ್ಟಬೇಕಾದರೆ ಅದರ ಅಂಚಿಗೆ ಸೀಸದ ಗುಂಡು ಕಟ್ಟಬೇಕು. ಅದಕ್ಕಾಗಿ ಅವನು ಹೆದ್ದಾರಿಯ ಗ್ಯಾರೇಜಿನಿಂದ ಲಾರಿಯ ಹಳೆಯ ಬ್ಯಾಟರಿ ತಂದು, ಕೊಡಲಿಯಿಂದ ಒಡೆದು, ಒಳಗಿನ ಆಸಿಡ್ಡನ್ನು ದಂಡೆಯಲ್ಲೇ ಚೆಲ್ಲಿ, ಸೀಸದ ತಗಡನ್ನು ಜಾಲಿ ಕಟ್ಟಿಗೆಯ ಬೆಂಕಿಯಲ್ಲಿ ಕರಗಿಸುತ್ತಿದ್ದ. ಊರಿನ ಬೇರೆ ಮೀನುಗಾರರ ಮನೆಯವರೂ ಹೀಗೆಯೇ ಮಾಡುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಆಶಾ ಕಾರ್ಯಕರ್ತೆ ಕಾಸೀಮಬೀ ಬಂದಾಗ ಹೊಳಿಯಮ್ಮ ಜಗುಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ನೇತ್ರಾವತಿ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಮುಖ ಸುಣ್ಣ ಬಳಿದಂತೆ ಬಿಳಿಚಿತ್ತು.

"ಹೊಳಿಯಕ್ಕ, ಮಗಳು ರಕ್ತದ ಗುಳಿಗಿ ದಿನಾ ನುಂಗತಾಳೇನ್ರಿ?" ಎಂದು ಕೇಳಿದಳು ಕಾಸೀಮಬೀ.

"ನನ್ನ ಕಣ್ಣ ಮುಂದ ನುಂಗತಾಳ. ಅದರ ಮ್ಯಾಲ ಎರಡು ಹೊತ್ತು ಸೊಪ್ಪಿನ ಪಲ್ಯೆ. ಬ್ಯಾರೆಯವರಿಗೆ ಹಿಡಿ ಕೊಟ್ರ ಮಗಳಿಗೆ ಗಂಗಾಳ ತುಂಬಾ ಕೊಡತೀನಿ."

"ಆದ್ರೂ ರಕ್ತ ಏರವಲ್ದು ನೋಡ್ರಿ. ಇಕಿ ನಿಮ್ಮನಿಗೆ ಬಂದಾಗ ಒಂಬತ್ತರ ಮ್ಯಾಲ ಇತ್ತು. ಮೂರು ತಿಂಗಳಾತು, ಈಗ ಎಂಟಕ್ಕ ಬಂದೈತಿ. ಏರೂದು ಬಿಟ್ಟು ಇಳದೈತಿ."

"ಅದಕ್ಕ ನಾ ಏನ್ ಮಾಡ್ಲಿ? ಮದುವಿ ಆದಾಗಿಂದ ಗಿಣಿಗೇರಾದಾಗ ಇದ್ದು ಕಾರಖಾನಿ ಹೊಗಿ ಕುಡದು ಬಂದಾಳ. ಅಳಿಯಾಗ ಅಲ್ಲೇ ಕೆಲಸ. ನೆತ್ತರದಾಗ ಹೊಗಿ ಕೂತೈತಿ."

ಕಾಸೀಮಬೀ ವಾದಕ್ಕೆ ಇಳಿಯಲಿಲ್ಲ. ಅವಳು ನೇತ್ರಾವತಿಯ ಕಡೆಗೇ ನೋಡುತ್ತಿದ್ದಳು. ಆ ಹುಡುಗಿಯ ತುಟಿಯ ಅಂಚಿನಲ್ಲಿ ಬೂದು ಬಣ್ಣದ ಸಣ್ಣ ಗೆರೆ ಇತ್ತು.

"ತಂಗಿ, ನೀ ಮಣ್ಣು ತಿಂತಿಯೇನು?"

ನೇತ್ರಾವತಿ ತಾಯಿಯ ಮುಖ ನೋಡಿದಳು. ಹೊಳಿಯಮ್ಮ ಮಾತ್ರ ಮುಚ್ಚುಮರೆ ಮಾಡಲಿಲ್ಲ.

"ಹೌದು, ತಿಂತಾಳ. ನಾನ ತಂದ ಕೊಡತೀನಿ. ಬಸರಿ ಬಯಕಿ ತೀರಸಲಿಲ್ಲಂದ್ರ ಹುಟ್ಟೋ ಕೂಸಿನ ಕಿವಿ ಸೋರತಾವ. ಇಕಿ ಹೊಟ್ಟ್ಯಾಗ ಇದ್ದಾಗ ನಾನೂ ತಿಂದೀನಿ. ಇಕಿಗೇನಾಗೇತಿ?"

"ಯಾವ ಮಣ್ಣು ಕೊಡತೀರಿ?"

"ಹೊಳೀದು. ಮಡಿ ಬಾಜೂಕ ಗೋಡು ಒಣಗಿ ಹಪ್ಪಳದಂಗ ಎದ್ದಿರತೈತಿ. ಸಾಫ್ ಮಣ್ಣು."

ಕಾಸೀಮಬೀ ಚೀಲವನ್ನು ಕೆಳಗಿಟ್ಟು ಜಗುಲಿಯ ಮೇಲೆ ಕೂತಳು. "ಯಕ್ಕ, ಸಿಟ್ಟಾಗಬ್ಯಾಡ್ರಿ. ಮಣ್ಣು ತಿಂದ್ರ ನುಂಗಿದ ಗುಳಿಗಿ ಮೈಗೆ ಹತ್ತೂದಿಲ್ಲ. ಅದೂ ಹೊಳಿ ದಂಡಿ ಮಣ್ಣು ಭಾಳ ಹುಷಾರಲೇ ನೋಡಬೇಕು. ಮ್ಯಾಲಿನ ಊರು, ಗ್ಯಾರೇಜು, ಕಾರಖಾನಿ, ಹೊಲ, ಎಲ್ಲಾದರ ಹೊಲಸು ನೀರಾಗ ಬರತೈತಿ. ನೀರು ಮುಂದ ಹೋಗತೈತಿ, ಭಾರ ಇದ್ದದ್ದು ದಂಡಿ ಗೋಡಿನಾಗ ಕೂಡತೈತಿ. ಸೀಸ, ಕ್ಯಾಡ್ಮಿಯಂ ಅಂತ ಲೋಹ ಅದಾವ. ಅವು ಮಣ್ಣಾಗ ಇದ್ರ ಸೊಪ್ಪಿಗೂ ಬರತಾವ, ಗಡ್ಡಿಗೂ ಬರತಾವ. ಬಸರಿ ತಿಂದ್ರ ಹೊಟ್ಟ್ಯಾಗಿನ ಕೂಸಿಗೆ ಹೋಗತಾವ. ಕೂಸಿನ ಮೆದುಳಿಗೆ ಪೆಟ್ಟು."

"ನನ್ನ ಸೊಪ್ಪು ನೋಡಿ ಹೇಳ ಈ ಮಾತು." ಹೊಳಿಯಮ್ಮ ಒಂದು ಕಟ್ಟು ಪಾಲಕ ಎತ್ತಿ ಹಿಡಿದಳು. ಎಲೆ ಒಂದೊಂದೂ ಅಂಗೈ ಅಗಲ. "ವಿಷ ಇದ್ದಿದ್ರ ಗಿಡ ಹಿಂಗ ಬರತಿತ್ತೇನು? ಒಣಗತಿತ್ತು."

"ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಯಕ್ಕ. ಸೀಸ ಕುಂತದ್ದು ಗಿಡಕ್ಕ ಗೊತ್ತಾಗೂದಿಲ್ಲ. ಬಣ್ಣ ಇಲ್ಲ, ವಾಸನಿ ಇಲ್ಲ."

"ನಾ ಕುದಿಸೇ ಮಾಡತೀನಿ."

"ಕುದಿಸಿದ್ರ ಹುಳ ಸಾಯತಾವ. ಸೀಸ ಸಾಯೂದಿಲ್ಲ."

ಹೊಳಿಯಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಯಾರೇ ಬಂದರೂ ಚಹಾ ಕುಡಿಸದೆ ಕಳಿಸದ ಮನೆ ಅದು. ಆ ದಿನ ಕಾಸೀಮಬೀಗೆ ಚಹಾ ಸಿಗಲಿಲ್ಲ. ಹೋಗುವಾಗ ಅವಳು ನೇತ್ರಾವತಿಯ ತಲೆ ಸವರಿ, "ಮಣ್ಣು ಬಿಡ ತಂಗಿ. ಬಾಯಿ ಕೆರದಾಗ ಹುರದ ಶೇಂಗಾ ತಿನ್ನು. ಕೂಸು ಅಲಗೂದು ಕಡಿಮಿ ಅನಿಸಿದ್ರ ಹೊತ್ತು ನೋಡಬ್ಯಾಡ, ನನಗ ಫೋನ್ ಮಾಡು" ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಹೊಳಿಯಮ್ಮ ಹೊಳೆಯಿಂದ ಬಂದು ಬುಟ್ಟಿ ಇಳಿಸುವಾಗ ನೇತ್ರಾವತಿ ಬಚ್ಚಲ ಬಾಗಿಲಲ್ಲಿ ಕುಸಿದು ಕೂತಿದ್ದಳು. ಕಣ್ಣು ಕತ್ತಲೆ ಬಂದಿತ್ತು. ತಾಯಿ ಹೋಗಿ ಹಿಡಿದುಕೊಂಡಾಗ ಮಗಳು ಸಣ್ಣ ದನಿಯಲ್ಲಿ ಹೇಳಿದಳು.

"ಯವ್ವ, ನಿನ್ನೆ ಸಂಜೀಲಿಂದ ಕೂಸು ಅಲಗವಲ್ದು."

ಹೊಳಿಯಮ್ಮನ ಮಾನ, ಹಟ, ಸಿಟ್ಟು ಎಲ್ಲ ಒಂದೇ ಮಾತಿಗೆ ಹಾರಿಹೋದವು. ಚಪ್ಪಲಿ ಮೆಟ್ಟುವುದನ್ನೂ ಮರೆತು ಕಾಸೀಮಬೀಯ ಮನೆಗೆ ಓಡಿದಳು. "ಕಾಸೀಮಬೀ, ನಂಗ ಭಾಳ ಹೆದರಿಕಿ ಆಗೈತವ್ವ" ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು. ಕಾಸೀಮಬೀ ಮೊನ್ನೆಯ ಮಾತು ಎತ್ತಲೇ ಇಲ್ಲ. ಫೋನ್ ಮಾಡಿ ಗಾಡಿ ತರಿಸಿದಳು. ಕೊಪ್ಪಳದ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಹೊಳಿಯಮ್ಮ ಮಗಳ ಹೊಟ್ಟೆಯ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

ವೈದ್ಯರು ಯಂತ್ರವಿಟ್ಟು ನೋಡಿದರು. ಸ್ವಲ್ಪ ಹೊತ್ತಿಗೆ ಕುದುರೆ ಓಡಿದಂತೆ ಟಕಟಕ ಸದ್ದು ಕೇಳಿಸಿತು. ಕೂಸಿನ ಎದೆಬಡಿತ. ತಾಯಿ ಮಗಳು ಇಬ್ಬರೂ ಅತ್ತರು. ಮಣ್ಣು ತಿಂದ ವಿಷಯವನ್ನು ಕಾಸೀಮಬೀ ಹೇಳಿದಾಗ ವೈದ್ಯರು ನೇತ್ರಾವತಿಯ ರಕ್ತವನ್ನು ಸೀಸದ ಪರೀಕ್ಷೆಗೂ ಕಳಿಸಿದರು. ಒಂದೇ ಮನೆಯಲ್ಲಿ ಉಣ್ಣುವವರು ಎಂದು ಅಪ್ಪ ಅಮ್ಮನ ರಕ್ತವನ್ನೂ ತರಿಸಿಕೊಂಡರು.

ಬರುವಾಗ ದಾರಿಯಲ್ಲಿ ಹೊಳಿಯಮ್ಮ ತಾನಾಗಿಯೇ ಹೇಳಿದಳು. "ಮಣ್ಣಿನ ತಪಾಸಣಿ ಮಾಡಸೂಣು ಕಾಸೀಮಬೀ. ದೊಡ್ಡ ಕಾರಖಾನಿ ಕಡಿಂದ ಬರೂ ಆ ಹಳ್ಳದ ನೀರ ನಮ್ಮ ಮಡಿಗೆ ವಿಷ ತಂದೈತೇನೋ, ಗೊತ್ತಾಗಲಿ."

ರೈತ ಸಂಪರ್ಕ ಕೇಂದ್ರದಿಂದ ಕೃಷಿ ಅಧಿಕಾರಿ ಸುನಿತಾ ಬಂದಳು. "ಯಾವಾಗ್ಲೂ ಮಾಡೋ ಮಣ್ಣಿನ ಪರೀಕ್ಷೆದಾಗ ಇದು ಸಿಗೂದಿಲ್ರಿ. ಭಾರಲೋಹದ ಪರೀಕ್ಷೆ ಬೇಕು ಅಂತ ಬರದ ಕೊಡಬೇಕು" ಎಂದು ತಾನೇ ಅರ್ಜಿ ಬರೆದಳು. ಮೂರು ಕಡೆ ಮಣ್ಣು ತೆಗೆದರು. ಮನೆಯ ಹಿತ್ತಲಿನದು ಒಂದು, ಕಾರಖಾನೆಗಳ ಕಡೆಯಿಂದ ಬರುವ ಹಳ್ಳ ಹೊಳೆ ಸೇರುವ ಜಾಗದ್ದು ಒಂದು, ಸೊಪ್ಪಿನ ಮಡಿಯದು ಒಂದು. ಹೊಳಿಯಮ್ಮನೇ ಚೀಲಕ್ಕೆ ಚೀಟಿ ಕಟ್ಟಿದಳು. ತಪ್ಪೆಲ್ಲ ಹಳ್ಳದ ಚೀಲದಿಂದಲೇ ಹೊರಬೀಳುತ್ತದೆ ಎಂದು ಅವಳಿಗೆ ಖಾತ್ರಿ ಇತ್ತು.

ಮೂರು ವಾರಕ್ಕೆ ಕಾಗದ ಬಂದವು. ಸುನಿತಾ ಮತ್ತು ಕಾಸೀಮಬೀ ಇಬ್ಬರೂ ಒಟ್ಟಿಗೆ ಬಂದರು. ಹುಚ್ಚೀರಪ್ಪ ಜಗುಲಿಯ ಆ ತುದಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ.

"ಹಿತ್ತಲ ಮಣ್ಣು ಛಲೋ ಐತ್ರಿ" ಎಂದಳು ಸುನಿತಾ. "ಹಳ್ಳದ ಮಣ್ಣಾಗ ಸೀಸ ಐತಿ. ಅದನ್ನ ಪಂಚಾಯ್ತಿಯಿಂದ ಮ್ಯಾಲಿನವ್ರಿಗೆ ಬರದು ಕೇಳೂಣು, ಬಿಡೂದು ಬ್ಯಾಡ. ಆದ್ರ ಹೊಳಿಯಮ್ಮನೋರ, ಎಲ್ಲಾಕಿಂತ ಹೆಚ್ಚು ಇರೂದು ನಿಮ್ಮ ಸೊಪ್ಪಿನ ಮಡ್ಯಾಗ. ಹಳ್ಳಕ್ಕಿಂತ ಎಷ್ಟೋ ಪಟ್ಟು."

"ಚೀಲ ಅದಲಿಬದಲಿ ಆಗಿರಬೇಕ್ರಿ."

"ಚೀಟಿ ನೀವ ಕಟ್ಟಿದ್ರಿ."

ಸುನಿತಾ ಮೆಲ್ಲಗೆ ಕೇಳಿದಳು. "ಆ ಮಡಿಗೆ ಏನೇನ್ ಹಾಕ್ತೀರಿ, ಒಂದೊಂದ ಹೇಳ್ರಿ."

"ಸಗಣಿ ಗೊಬ್ಬರ. ಕುರಿ ಹಿಕ್ಕಿ. ಹುಳ ಬಿದ್ರ ಬೂದಿ."

"ಒಲಿ ಬೂದೀನ್ರಿ?"

ಹೂಂ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಮನೆಗೆ ಗ್ಯಾಸ್ ಬಂದು ಆರು ವರ್ಷ ಆಗಿತ್ತು. ಅಡುಗೆ ಒಲೆಯಲ್ಲಿ ಬೂದಿ ಎಲ್ಲಿಯದು? ಹಿರಿಯರ ಪದ್ಧತಿ ಬಿಡಬಾರದು ಎಂದು ಅವಳು ಅಷ್ಟು ವರ್ಷ ಬೂದಿ ತುಂಬಿಕೊಂಡದ್ದು ಗಂಡ ಸೀಸ ಕರಗಿಸುವ ಒಲೆಯಿಂದ. ಮಡಿಯ ಪಕ್ಕದಲ್ಲೇ ಇತ್ತು, ಕೈಗೆ ಸಿಗುತ್ತಿತ್ತು, ಬೂದಿ ಬೂದಿಯಂತೆಯೇ ಇತ್ತು. ಆ ಬೂದಿಯನ್ನೇ ಎಲೆಯ ಮೇಲೆ ಎರಚಿದ್ದಳು. ಆ ಎಲೆಯನ್ನೇ ಬಸುರಿ ಮಗಳಿಗೆ ಗಂಗಾಳ ತುಂಬ ಬಡಿಸಿದ್ದಳು. ಆ ಮಣ್ಣನ್ನೇ ಸೆರಗಿನಲ್ಲಿ ಕಟ್ಟಿ ತಂದು ಕೈಗಿಟ್ಟಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗಾಗಿತ್ತು.

ಅವಳು ಗಂಡನ ಕಡೆ ನೋಡಿದಳು. ಹುಚ್ಚೀರಪ್ಪನ ಕೈಯಲ್ಲಿ ಸೂಜಿ ನಿಂತುಬಿಟ್ಟಿತ್ತು.

"ರಕ್ತದ ಕಾಗದಾನೂ ಬಂದಾವ" ಎಂದಳು ಕಾಸೀಮಬೀ. "ಮೂರೂ ಮಂದೀದಾಗ ಸೀಸ ಐತಿ. ನೇತ್ರಾವತಿಗೆ ಇರಬೇಕಾದ್ದಕ್ಕಿಂತ ಹೆಚ್ಚೈತಿ. ಅಣ್ಣಾರದು ಎಲ್ಲಾರಕಿಂತ ಹೆಚ್ಚು. ಅಣ್ಣಾರ, ನಿಮಗ ಹೊಟ್ಟಿ ಹಿಂಡತೈತೇನ್ರಿ?"

"ಹತ್ತು ವರ್ಷ ಆತು" ಎಂದ ಹುಚ್ಚೀರಪ್ಪ. "ಇಕಿ ಖಾರ ಜಾಸ್ತಿ ಹಾಕತಾಳ ಅಂತ ದಿನಾ ಬೈತಿದ್ದೆ."

ಬೇರೆ ದಿನವಾಗಿದ್ದರೆ ಹೊಳಿಯಮ್ಮ ಇದಕ್ಕೆ ಸರಿಯಾಗಿ ತಿರುಗಿಸಿ ಕೊಡುತ್ತಿದ್ದಳು. ಈಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. "ನನ್ನ ಕೈಯ್ಯಾರೆ ಉಣಿಸಿದ್ನಲ್ಲೇ ಮಗಳ" ಎಂದಳು. ನೇತ್ರಾವತಿ ಹತ್ತಿರ ಬಂದು ಕೂತು ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. "ಗೊತ್ತಿದ್ದು ಉಣಿಸಿಯೇನು ಯವ್ವ? ಈಗ ಗೊತ್ತಾತಲ್ಲ."

"ಅದ ನೋಡ್ರಿ ಮಾತು" ಎಂದಳು ಕಾಸೀಮಬೀ. "ಇನ್ನಾ ಹೊತ್ತು ಮೀರಿಲ್ಲ. ಇವತ್ತಿಂದ ಸೀಸ ಮೈಗೆ ಹೋಗೂದು ನಿಂತ್ರ ರಕ್ತದಾಗಿಂದು ಸಾವಕಾಶ ಇಳೀತೈತಿ. ಗುಳಿಗಿ ತಪ್ಪಸಬಾರದು. ಕಬ್ಬಿಣದ ಗುಳಿಗಿ ಒಂದ ಹೊತ್ತಿಗೆ, ಸುಣ್ಣದಂಶದ ಗುಳಿಗಿ ಬ್ಯಾರೆ ಹೊತ್ತಿಗೆ. ಹಾಲು, ತತ್ತಿ, ಸಜ್ಜಿ ರೊಟ್ಟಿ, ಹೆಸರುಕಾಳು, ಮ್ಯಾಲ ಲಿಂಬಿಹುಳಿ. ಸೊಪ್ಪು ಬ್ಯಾಡ ಅನ್ನಾಂಗಿಲ್ಲ, ಹಿತ್ತಲ ಮಣ್ಣಾಗ ಬೆಳಕೊಳ್ರಿ. ಡಾಕ್ಟ್ರು ತಿಂಗಳ ಬಿಟ್ಟು ಮತ್ತ ರಕ್ತ ನೋಡತಾರ."

"ಮಡಿ?" ಎಂದ ಹುಚ್ಚೀರಪ್ಪ.

"ಹೊಳಿ ಏರೂಕಿಂತ ಮೊದಲ ಅದನ್ನ ತಗೀಬೇಕ್ರಿ" ಎಂದಳು ಸುನಿತಾ. "ನೀರು ಬಂತಂದ್ರ ಆ ಬೂದಿ, ಆ ಮಣ್ಣು ಎಲ್ಲಾರ ಹೊಲಕ್ಕ ಹೋಗತೈತಿ. ಮೀನಿಗೂ ಹೋಗತೈತಿ. ಸೀಸ ಕೊಳತು ಹೋಗೂ ವಸ್ತು ಅಲ್ಲ, ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರತೈತಿ. ನೀವ ಕೈ ಹಾಕಬ್ಯಾಡ್ರಿ. ನಾ ಪಂಚಾಯ್ತಿಗೆ, ಮಾಲಿನ್ಯ ನಿಯಂತ್ರಣದವ್ರಿಗೆ ಬರದು ಮಂದಿ ಕರಸತೀನಿ."

ಹುಚ್ಚೀರಪ್ಪ ಎದ್ದು ಹೊರಗೆ ಹೋದ. ಗೋಡೆಯ ಮರೆಯಲ್ಲಿ ಇನ್ನೂ ಒಡೆಯದ ಎರಡು ಬ್ಯಾಟರಿ ಇದ್ದವು. ಅವನ್ನು ಗೋಣಿಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿ, ಹಳೆಯ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹಿಟ್ನಾಳದ ಅಂಗಡಿಗೆ ಕೊಟ್ಟು ಬಂದ. ಬರುವಾಗ ಬಲೆಗೆ ಕಟ್ಟುವ ಕಬ್ಬಿಣದ ಗುಂಡು ತಂದ. ಬಲೆ ಮೊದಲಿನಷ್ಟು ಚೆನ್ನಾಗಿ ಇಳಿಯುವುದಿಲ್ಲ ಎಂದು ವಾರವೆಲ್ಲ ಗೊಣಗಿದ. ಆಮೇಲೆ ಕೈ ಒಗ್ಗಿತು, ಗೊಣಗು ನಿಂತಿತು.

ಹೊಳಿಯಮ್ಮನಿಗೆ ಮಾತ್ರ ಇನ್ನೊಂದು ಕೆಲಸ ಉಳಿದಿತ್ತು. ಅದು ಎಲ್ಲದಕ್ಕಿಂತ ಕಷ್ಟದ್ದು. ಅವಳ ಮಡಿಯ ಸೊಪ್ಪು ಉಂಡದ್ದು ಮಗಳು ಒಬ್ಬಳೇ ಅಲ್ಲ. ಇಡೀ ಬೀದಿ ಉಂಡಿತ್ತು, ಅಂಗನವಾಡಿಯ ಸಾರಿಗೂ ಅದೇ ಬಿದ್ದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಸುಮ್ಮನೆ ಇದ್ದಳು ಕೂಡ. ಮೂರನೆಯ ದಿನ ಬುಟ್ಟಿ ಇಲ್ಲದೆ ಬೀದಿಗೆ ಹೊರಟಳು.

ಮೊದಲ ಮನೆ ಪಾರಮ್ಮನದು. ಅವಳ ಗಂಡನೂ ಮೀನುಗಾರ, ಅವನದೂ ಹೊಳೆದಂಡೆಯಲ್ಲಿ ಅಂಥದ್ದೇ ಒಲೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು ಅಂಗಳದ ತುಂಬ ಆಡುತ್ತಿದ್ದಳು.

"ಪಾರಮ್ಮ, ನನ್ನ ಸೊಪ್ಪಿನಾಗ ವಿಷ ಇತ್ತವ್ವ. ನನಗ ಗೊತ್ತಿರಲಿಲ್ಲ" ಎಂದಳು ಹೊಳಿಯಮ್ಮ ಬಾಗಿಲಲ್ಲೇ ನಿಂತು. ಸೀಸ, ಬೂದಿ, ಮಣ್ಣು, ರಕ್ತದ ಕಾಗದ, ಎಲ್ಲ ಹೇಳಿದಳು. ಒಂದನ್ನೂ ಬಚ್ಚಿಡಲಿಲ್ಲ. "ಬೈಯೂದಿದ್ರ ಬೈದು ಬಿಡು. ಆದ್ರ ಕೂಸಿನ ರಕ್ತ ತಪಾಸ ಮಾಡಸು."

ಪಾರಮ್ಮನ ಮುಖ ಗಂಟಿಕ್ಕಿತು. "ನಿನ್ನ ನಂಬಿ ಕೂಸಿಗೆ ತುತ್ತು ಮಾಡಿ ಇಟ್ಟೀನಿ ಹೊಳಿಯಮ್ಮ" ಎಂದಳು. ಪಾರಮ್ಮ ಅಂಗಳಕ್ಕೆ ಇಳಿದು, ಮಣ್ಣಲ್ಲಿ ಕೈಯಾಡಿಸಿ ಬಾಯಿಗೆ ಒಯ್ಯುತ್ತಿದ್ದ ಮೊಮ್ಮಗಳನ್ನು ಎತ್ತಿಕೊಂಡಳು. ಕೈ ತೊಳೆಸಿದಳು. ಆಮೇಲೆ ಒಳಗೆ ನೋಡಿ ಗಂಡನನ್ನು ಕೂಗಿದಳು.

"ಇಲ್ಲೆ ಬರ್ರಿ ಹೊರಗ. ಆ ಬ್ಯಾಟ್ರಿ ನಮ್ಮ ಮನಿಯಾಗ ಇನ್ನ ಇರಬಾರದು."

ಆ ವಾರ ಕೆಂಚಿಹಾಳದ ಐದು ಮನೆಗಳಿಂದ ಬ್ಯಾಟರಿ ಹೊರಟವು. ಕಾಸೀಮಬೀ ಬಸುರಿಯರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಪಾರಮ್ಮನ ಮೊಮ್ಮಗಳಿಗೆ ಸ್ವಲ್ಪ ಹೆಚ್ಚಿತ್ತು, ವೈದ್ಯರು ಹೇಳಿದಂತೆ ನೋಡಿಕೊಳ್ಳುತ್ತಿದ್ದಾರೆ. ಮಳೆಗೆ ಮೊದಲೇ ಕೈಗವಸು, ಮುಖಗವಸು ಹಾಕಿದ ಮಂದಿ ಬಂದು ಆ ಒಲೆಗಳ ಸುತ್ತಲಿನ ಬೂದಿ ಮತ್ತು ಮೇಲ್ಮಣ್ಣನ್ನು ಚೀಲಗಳಲ್ಲಿ ತುಂಬಿ ಒಯ್ದರು. ಉಳಿದ ಜಾಗದಲ್ಲಿ ತಿನ್ನುವ ಬೆಳೆ ಬೇಡವೆಂದು ಹೇಳಿ ಹೋದರು. ಹಳ್ಳದ ನೀರಿನ ಬಗ್ಗೆ ಗ್ರಾಮಸಭೆಯಲ್ಲಿ ಠರಾವು ಆಯಿತು. ಎದ್ದು ನಿಂತು ಕೇಳಿದವಳು ಹೊಳಿಯಮ್ಮ. "ನಮ್ಮ ಮನಿ ತಪ್ಪು ನಾವು ತಿದ್ದಿಕೊಂಡೀವ್ರಿ. ಇನ್ನ ಹಳ್ಳಕ್ಕ ಬಿಡವ್ರು ತಮ್ಮದು ತಿದ್ದಿಕೊಳ್ಳಲಿ" ಎಂದಾಗ ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ತನ್ನ ತಪ್ಪು ಒಪ್ಪಿಕೊಂಡವರ ಬಾಯಿಗೆ ಅಂಥ ಬಲ ಇರುತ್ತದೆ.

ಜೂನ್ ಕೊನೆಗೆ ನೇತ್ರಾವತಿಗೆ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಹೆಣ್ಣು ಕೂಸು. ತೂಕ ಸ್ವಲ್ಪ ಕಡಿಮೆ, ಆದರೆ ಅಳು ಜೋರು. ತಾಯಿಯ ರಕ್ತ ಹತ್ತು ದಾಟಿತ್ತು, ಸೀಸ ಅರ್ಧಕ್ಕೆ ಇಳಿದಿತ್ತು. ಕೂಸನ್ನು ಕಾಲಕಾಲಕ್ಕೆ ತೋರಿಸಲು ವೈದ್ಯರು ಹೇಳಿದ್ದಾರೆ. ಹೊಳಿಯಮ್ಮ ಒಂದು ತಾರೀಖೂ ತಪ್ಪಿಸುವುದಿಲ್ಲ. ಹಿತ್ತಲಿನಲ್ಲಿ ಹೊಸ ಮಡಿ ಕಟ್ಟಿದ್ದಾಳೆ. ಪರೀಕ್ಷೆಯ ಕಾಗದವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟುಕೊಂಡೇ ಸೊಪ್ಪು ಮಾರಲು ಹೋಗುತ್ತಾಳೆ. ಕೇಳದವರಿಗೂ ತೋರಿಸುತ್ತಾಳೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಹೊಲವೂ ಹೊಳೆದಂಡೆಯಲ್ಲಿ ಇರಬಹುದು. ಹಳ್ಳದ ಬದಿ, ಗ್ಯಾರೇಜಿನ ಹಿಂದೆ, ಕಾರಖಾನೆಯ ಕೆಳಗೆ ಇರಬಹುದು. ಗಿಡ ಹಸಿರಾಗಿದೆ ಎಂದು ಮಣ್ಣನ್ನು ನಂಬಬೇಡಿ. ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಭಾರಲೋಹದ ಪರೀಕ್ಷೆ ಮಾಡಿಸುವುದು ಹೇಗೆಂದು ಕೇಳಿ. ಸಂಶಯದ ಮಣ್ಣಿನಲ್ಲಿ ಸೊಪ್ಪು, ಗಡ್ಡೆ ಬೆಳೆಯಬೇಡಿ. ಬ್ಯಾಟರಿಯನ್ನು ಮನೆಯಲ್ಲಿ, ಹೊಲದಲ್ಲಿ, ನೀರಿನ ಹತ್ತಿರ ಒಡೆಯಬೇಡಿ, ಕರಗಿಸಬೇಡಿ, ಅಂಗಡಿಗೆ ಹಿಂದಿರುಗಿಸಿ. ಬಸುರಿಗೆ ಮಣ್ಣು ತಿನ್ನುವ ಆಸೆ ಬಂದರೆ ಮುಚ್ಚಿಡದೆ ಆಶಾ ಕಾರ್ಯಕರ್ತೆಗೆ ಹೇಳಿ. ಮಣ್ಣು ಕೊಡದಿದ್ದರೆ ಕೂಸಿನ ಕಿವಿ ಸೋರುವುದಿಲ್ಲ, ಕೂಸು ಉಳಿಯುತ್ತದೆ.

ಇವತ್ತು ನಿಮ್ಮ ಒಲೆಯ ಮೇಲೆ ಏರುವ ಪಲ್ಯ ಯಾವ ಮಣ್ಣಿನದು? ಉತ್ತರ ಗೊತ್ತಿಲ್ಲದಿದ್ದರೆ, ಮಕ್ಕಳ ತಾಟಿಗೆ ಬಡಿಸುವ ಮುಂಚೆ ಕೇಳಿ ತಿಳಿದುಕೊಳ್ಳಿ.